ಸ್ಟ್ರೋಕ್ ಆದ ಕೈಗೆ ಟಿಡಿಸಿಎಸ್: ಗೊತ್ತಿದ್ದವರು ಹೇಳಿ

ಕುಮಟಾದಿಂದ ಪ್ರಶ್ನೆ: ಅಪ್ಪನಿಗೆ ಎಡ ಮೆದುಳಿನಲ್ಲಿ ಸ್ಟ್ರೋಕ್ ಆಗಿ ಎಂಟು ತಿಂಗಳು. ಬಲಗೈ ಏಳುತ್ತದೆ, ಬೆರಳು ಮಾತು ಕೇಳುವುದಿಲ್ಲ. ತಲೆಯ ಹೊರಗಿನಿಂದಲೇ ಸಣ್ಣ ಕರೆಂಟ್ ಕೊಡುವ ಟಿಡಿಸಿಎಸ್ ಮಾಡೋಣ ಅಂತ ಫಿಸಿಯೋ ಹೇಳಿದ್ದಾರೆ. ಅದು ಒಳಗೆ ಏನು ಮಾಡ್ತದೆ? ಏನು ನೋಡ್ಕೊಳ್ಬೇಕು?

ಶಿರಸಿ: ಬೆರಳನ್ನು ಕರೆಂಟ್ ಆಡಿಸುವುದಿಲ್ಲ ಮಾರಾಯ್ರೆ. ಕೊಡುವುದು 1ರಿಂದ 2 ಮಿಲಿಆಂಪಿಯರ್. ನರಕೋಶವನ್ನು ಕೆಲಸಕ್ಕೆ ತುಸು ಸಿದ್ಧಮಾಡಿ ಇಡುವಷ್ಟು ಮಾತ್ರ. ಮೆದುಳಿನ ಬ್ರೇಕು ಗಾಬಾ ಅನ್ನುವ ರಾಸಾಯನಿಕ. ಚಲನೆಯ ಭಾಗದ ಮೇಲೆ ಆನೋಡ್, ಅಂದರೆ ಕರೆಂಟಿನ ಪಾಸಿಟಿವ್ ತುದಿ, ಇಟ್ಟರೆ ಅಲ್ಲಿ ಗಾಬಾ ಇಳಿಯುತ್ತದೆಂದು ಆಕ್ಸ್‌ಫರ್ಡಿನ ಷಾರ್ಲಟ್ ಸ್ಟ್ಯಾಗ್ ತಂಡ 2009ರಲ್ಲಿ ಎಂಆರ್ ಸ್ಪೆಕ್ಟ್ರೋಸ್ಕೋಪಿ ಎಂಬ, ಮೆದುಳಿನ ರಾಸಾಯನಿಕ ಅಳೆಯುವ ಸ್ಕ್ಯಾನಿನಿಂದ ತೋರಿಸಿತು. ಗಾಬಾ ಹೆಚ್ಚು ಇಳಿದವರು ಬೆರಳಿನ ಕೆಲಸ ಹೆಚ್ಚು ಕಲಿತರು ಅಂತ 2011ರಲ್ಲಿ ಗೊತ್ತಾಯಿತು. ಅದು ಆರೋಗ್ಯವಂತರ ಮಾತು. ಸ್ಟ್ರೋಕಿನಲ್ಲಿ ಫಲ ಒಬ್ಬರಿಗೊಂದು ಥರ.

ಹಾಗಾಗಿ ಕರೆಂಟಿನ 20 ನಿಮಿಷದೊಳಗೇ ಅಭ್ಯಾಸ ನಡೆಯಬೇಕು. ಮೊದಲು ಕರೆಂಟ್, ಆಮೇಲೆ ಚಾ, ಆಮೇಲೆ ಅಭ್ಯಾಸ ಅಂದರೆ ಕಲಿಕೆ ನಿಧಾನವೂ ಆದೀತು. ಗೋಟಡಿಕೆಯನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಬಟ್ಟಲಿಗೆ ಹಾಕಿಸಿ. ಅದು ಸಲೀಸಾದರೆ ಹುಣಸೆ ಬೀಜ, ಮತ್ತೆ ಕಾಳುಮೆಣಸು. ಸುಲಭದ್ದನ್ನೇ ದಿನವೂ ಮಾಡಿಸಿದರೆ ಹೊಸತೇನೂ ಕಲಿಯುವುದಿಲ್ಲ.

ಕಾರವಾರ: ತಪ್ಪುವುದು ಹೆಚ್ಚಾಗಿ ತಲೆಗೆ ಕರೆಂಟ್ ಮುಟ್ಟಿಸುವ ಒದ್ದೆ ಸ್ಪಂಜಿನಲ್ಲಿ. ಚಲನೆಯ ಭಾಗ ಹುಡುಕಲು ಮೂಗಿನ ಬುಡದ ಗುಳಿಯಿಂದ ತಲೆ ಹಿಂದಿನ ಗಂಟಿನವರೆಗೆ ಅಳೆದು ಅರ್ಧ, ಕಿವಿಯಿಂದ ಕಿವಿಗೆ ಅಳೆದು ಅರ್ಧ. ಎರಡೂ ಕೂಡುವಲ್ಲಿ ಗುರುತು ಹಾಕಿ. ಅಲ್ಲಿಂದ ಎಡಗಿವಿಯತ್ತ ಕಿವಿ-ಕಿವಿ ಅಳತೆಯ 20% ಇಳಿಯಬೇಕು. ಅಳತೆ 36 ಸೆಂ.ಮೀ. ಇದ್ದರೆ 7.2 ಸೆಂ.ಮೀ. ಸಾಮಾನ್ಯವಾಗಿ ಆನೋಡ್ ಅಲ್ಲಿ, ನೆಗೆಟಿವ್ ತುದಿ ಕ್ಯಾಥೋಡ್ ಬಲ ಹುಬ್ಬಿನ ಮೇಲೆ. 5x7 ಸೆಂ.ಮೀ. ಸ್ಪಂಜನ್ನು ನಾರ್ಮಲ್ ಸಲೈನಿನಲ್ಲಿ (ಔಷಧಿ ಅಂಗಡಿಯ ಉಪ್ಪುನೀರು) ಅದ್ದಿ ಹಿಂಡಬೇಕು. ಬಾವಿ ನೀರು, ನಳ್ಳಿ ನೀರು ಬೇಡ, ಚರ್ಮ ಸುಟ್ಟ ಉದಾಹರಣೆಗಳಿವೆ. ತೊಟ್ಟಿಕ್ಕುತ್ತಿದ್ದರೆ ಕರೆಂಟ್ ಒದ್ದೆ ಕೂದಲ ಮೇಲೇ ಹರಿದುಹೋಗ್ತದೆ. ನಮ್ಮ ಕರಾವಳಿಯ ಬೆವರೂ ಅದನ್ನೇ ಮಾಡ್ತದೆ. ಫ್ಯಾನ್ ಕೆಳಗೆ ಕೂರಿಸಿ. ತಲೆಗೆ ಕೊಬ್ಬರಿ ಎಣ್ಣೆ ಇದ್ದರೆ ರೆಸಿಸ್ಟೆನ್ಸ್ ಏರಿ ಯಂತ್ರ ಕೂಗುತ್ತದೆ. ಹಿಂದಿನ ರಾತ್ರಿಯೇ ಶಾಂಪೂ ಹಾಕಿ ತೊಳೆಯಿರಿ. ಕರೆಂಟ್ ಸುಮಾರು 30 ಸೆಕೆಂಡಿನಲ್ಲಿ ಮೆಲ್ಲಗೆ ಏರಬೇಕು, ಮೆಲ್ಲಗೇ ಇಳಿಯಬೇಕು. ನವೆ, ಚುಮುಚುಮು ಸರಿ, ಉರಿದರೆ ನಿಲ್ಲಿಸಿ.

ಹೊನ್ನಾವರ: ಮಾತ್ರೆಯ ಪಟ್ಟಿ ತೋರಿಸದೆ ಶುರುಮಾಡಬೇಡಿ. ಫಿಟ್ಸಿನ ಮಾತ್ರೆ ಕಾರ್ಬಮಜೆಪಿನ್ ಆನೋಡಿನ ಪರಿಣಾಮವನ್ನೇ ತಡೆಯುತ್ತದೆ. ಹಾಗಂತ ಫಿಟ್ಸಿಗೆ ಕೊಟ್ಟದ್ದನ್ನು ನೀವಾಗಿ ನಿಲ್ಲಿಸುವ ಹಾಗಿಲ್ಲ. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೋಮೆಥಾರ್ಫನ್ ನರಕೋಶದ ಮೇಲೆ ಕಲಿಕೆಗೆ ಬೇಕಾದ ಬಾಗಿಲಿನಂಥ ಎನ್‌ಎಂಡಿಎ ಗ್ರಾಹಕವನ್ನು (ರಿಸೆಪ್ಟರ್) ಮುಚ್ಚುತ್ತದೆ. ಪ್ರಯೋಗದಲ್ಲಿ 150 ಮಿ.ಗ್ರಾಂ. ಕೊಟ್ಟಾಗ ಕರೆಂಟ್ ನಿಂತ ಮೇಲೆ ಉಳಿಯಬೇಕಾದ ಪರಿಣಾಮ ಉಳಿಯಲೇ ಇಲ್ಲ. ಒಂದು ಚಮಚದಲ್ಲಿ ಅಷ್ಟಿರುವುದಿಲ್ಲ, ಆದರೂ ಹೇಳಿಬಿಡಿ. ಫಿಟ್ಸ್ ಬಂದಿದ್ದರೆ, ತಲೆಯಲ್ಲಿ ಲೋಹ ಇದ್ದರೆ, ಪೇಸ್‌ಮೇಕರ್ ಇದ್ದರೆ ನ್ಯೂರಾಲಜಿಸ್ಟ್ ಒಪ್ಪದೆ ಮುಟ್ಟಲೇಬೇಡಿ.

ಕುಮಟಾ: 1 ಮಿಲಿಆಂಪಿಯರ್ ಬದಲು 2 ಕೊಟ್ಟರೆ ಬೇಗ ಆಗ್ತದಾ?

ಶಿರಸಿ: ಇಲ್ಲ. ಕ್ಯಾಥೋಡ್ 1 ಮಿಲಿಆಂಪಿಯರಿನಲ್ಲಿ ಮೆದುಳಿನ ಚುರುಕು ತಗ್ಗಿಸುತ್ತದೆ. 2ಕ್ಕೆ ಏರಿಸಿ 20 ನಿಮಿಷ ಕೊಟ್ಟಾಗ ತಗ್ಗುವ ಬದಲು ಏರಿತು ಅಂತ 2013ರ ಪ್ರಯೋಗ. ಯೂಟ್ಯೂಬ್ ನೋಡಿ 9 ವೋಲ್ಟ್ ಬ್ಯಾಟರಿಗೆ ವೈರ್ ಸಿಕ್ಕಿಸುವವರಿಗೂ ಇದನ್ನೇ ಹೇಳಬೇಕು.