ಲೈಟ್ ಬಂತು, ನೆಪ ಹೋಯ್ತು

ನಮ್ಮ ಬಡಾವಣೆಯ ಮೈದಾನಕ್ಕೆ ಹೊಸ ಎಲ್‌ಇಡಿ ಫ್ಲಡ್‌ಲೈಟ್ ಬಂದು ಮೂರು ವಾರ ಆಯಿತು. ಅವತ್ತಿನಿಂದ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಫುಟ್‌ಬಾಲ್ ಮಾತೇ ನಿಂತುಹೋಗಿದೆ. ಬರೀ ಲೈಟಿನದ್ದೇ ಕಥೆ.

ಜಾಸ್ತಿ ಬೇಜಾರಾದವನು ಗೋಲಿ. ಇಪ್ಪತ್ತು ವರ್ಷದಿಂದ ನಮ್ಮ ತಂಡದ ಗೋಲ್‌ಕೀಪರ್. ಆ ಹೆಸರು ಗೋಲ್‌ಕೀಪಿಂಗಿನಿಂದ ಬಂತೋ, ಕಾಲ ಸಂದಿಯಲ್ಲಿ ಗೋಲಿ ಜಾರಿದ ಹಾಗೆ ಬಾಲ್ ಬಿಡುತ್ತಾನೆ ಅಂತ ಬಂತೋ, ಈಗ ಯಾರಿಗೂ ನೆನಪಿಲ್ಲ.

"ನನ್ನ ಹೊಟ್ಟೆ ಮೇಲೆ ಹೊಡೆದರು ಕಣೋ," ಅಂದ. "ಇಷ್ಟು ವರ್ಷ ಗೋಲು ಬಿಟ್ಟಾಗೆಲ್ಲ 'ಲೈಟ್ ಸರಿಯಿಲ್ಲ, ಬಾಲ್ ಕಾಣಲಿಲ್ಲ' ಅಂತಿದ್ದೆ. ಯಾರೂ ಎದುರು ಮಾತಾಡ್ತಿರಲಿಲ್ಲ."

"ಈಗ 'ಲೈಟ್ ಜಾಸ್ತಿ, ಕಣ್ಣಿಗೆ ಹೊಡೀತು' ಅನ್ನು," ಅಂದೆ ನಾನು.

"ಹೇಳಿದೆ. ಹೇಳಿದ್ದಕ್ಕೆ ಒಬ್ಬ ಹುಡುಗ ಮೊಬೈಲ್ ತೆಗೆದು ವಿಡಿಯೊ ತೋರಿಸಿದ. ಬಾಲ್ ಇನ್ನೂ ಸೆಂಟರ್‌ನಲ್ಲಿದೆ, ಇಲ್ಲಿ ನಾನು ಆಗಲೇ ಕಣ್ಣು ಮುಚ್ಚಿಕೊಂಡಿದ್ದೀನಿ. ರೆಪ್ಪೆಗೂದಲು ಎಣಿಸಬಹುದು, ಅಷ್ಟು ಸ್ಪಷ್ಟ."

ಲೈನ್‌ಮನ್ ಮಾಮ ಕೆಮ್ಮಿದರು. ಅಂದರೆ ಮಾತು ಶುರು ಮಾಡುತ್ತಾರೆ ಅಂತ ಅರ್ಥ. ಮಾಮ ಕರೆಂಟ್ ಇಲಾಖೆಯಲ್ಲಿ ಮೂವತ್ತು ವರ್ಷ ಕಂಬ ಹತ್ತಿ ರಿಟೈರ್ ಆದವರು. ಒಂದು ಸಲ ನಮ್ಮ ಟೂರ್ನಮೆಂಟಿನಲ್ಲಿ ಮೈಕ್‌ನವನು "ಲೈನ್‌ಮನ್ ಬಂದಿಲ್ಲ, ಯಾರಾದ್ರೂ ಲೈನ್‌ಮನ್ ಇದ್ದರೆ ದಯವಿಟ್ಟು ಮೈದಾನಕ್ಕೆ ಬನ್ನಿ" ಅಂತ ಕೂಗಿದ. ಮಾಮ ಮನೆಗೆ ಓಡಿಹೋಗಿ ಕಟಿಂಗ್ ಪ್ಲೇಯರ್, ರಬ್ಬರ್ ಗ್ಲೌಸ್ ಹಿಡಿದುಕೊಂಡು ಬಂದರು. ಕೈಗೆ ಬಾವುಟ ಕೊಟ್ಟರು. ಬಂದಮೇಲೆ ವಾಪಸ್ ಹೋಗುವುದು ಮರ್ಯಾದೆಯಲ್ಲ ಅಂತ ಪೂರ್ತಿ ತೊಂಬತ್ತು ನಿಮಿಷ ಬಾವುಟ ಬೀಸಿದರು. ಆಫ್‌ಸೈಡ್ ಅಂದರೇನು ಅಂತ ಗೊತ್ತಾಗಿದ್ದು ಮಾರನೇ ದಿನ.

"ಹಳೇ ದೀಪದ ಬಗ್ಗೆ ಯಾರೂ ಹಗುರಾಗಿ ಮಾತಾಡಬೇಡಿ," ಅಂದರು ಮಾಮ. "ಅದು ಮೆಟಲ್ ಹೇಲೈಡ್. ಸ್ವಿಚ್ ಹಾಕಿದ ತಕ್ಷಣ ಉರಿಯೋ ಜಾತಿಯಲ್ಲ. ಒಳಗಿರೋ ಪಾದರಸ, ಲವಣ ಎಲ್ಲ ಕಾದು ಆವಿ ಆಗಬೇಕು. ಹಂಡೆ ನೀರು ಕಾದ ಹಾಗೆ. ಮೊದಲು ಮಂಕು, ಆಮೇಲೆ ನೀಲಿ, ಆಮೇಲೆ ಬೆಳ್ಳಗೆ. ನಡುವೆ ಕರೆಂಟ್ ಒಂದು ಕ್ಷಣ ಕಣ್ಣು ಮಿಟುಕಿಸಿದರೂ ಮುಗೀತು. ದೀಪಾವಳಿಗೆ ಬಂದ ಅಳಿಯ ಮುನಿಸಿಕೊಂಡ ಹಾಗೆ. ಕರೆಂಟ್ ವಾಪಸ್ ಬಂದರೂ ಅದು ಬರಲ್ಲ. ಮೊದಲು ತಣ್ಣಗಾಗಬೇಕು, ಆಮೇಲೆ ಹೊಸದಾಗಿ ಬಿಸಿಯಾಗಬೇಕು. ಕಾಲು ಗಂಟೆ ಎಲ್ಲೂ ಹೋಗಲ್ಲ."

ಆ ಕಾಲು ಗಂಟೆ ನನಗೆ ಚೆನ್ನಾಗಿ ನೆನಪಿದೆ. ಕತ್ತಲಾದ ಕೂಡಲೇ ಇಡೀ ಮೈದಾನ "ಓ…" ಅನ್ನುತ್ತಿತ್ತು. ಆಟಗಾರರು ಹುಲ್ಲಿನ ಮೇಲೆ ಮಲಗುತ್ತಿದ್ದರು. ಕಡ್ಲೆಕಾಯಿ ತಾತ ತನ್ನ ಬುಟ್ಟಿಗೆ ಸಿಕ್ಕಿಸಿದ ಸಣ್ಣ ಬ್ಯಾಟರಿ ದೀಪ ಹಾಕಿಕೊಂಡು ಸಾಲು ಸಾಲಾಗಿ ಬರುತ್ತಿದ್ದ. ಇಡೀ ಮೈದಾನದಲ್ಲಿ ಅದೊಂದೇ ದೀಪ. ಹುಳ ಬಂದ ಹಾಗೆ ನಾವೆಲ್ಲ ಅದರ ಕಡೆಗೇ ಹೋಗುತ್ತಿದ್ದೆವು.

"ಇಂಥ ಕಥೆ ಜಗತ್ತಿನಲ್ಲೆಲ್ಲ ಇದೆ," ಅಂದ ಪೇಪರ್. ಅವನು ಪೇಪರಿನ ಆಟದ ಪುಟವನ್ನು ಬಾಯಿಪಾಠ ಮಾಡುವ ಆಸಾಮಿ. "ಫ್ಲಡ್‌ಲೈಟ್ ಹಾಕಿ ಮೊದಲು ಫುಟ್‌ಬಾಲ್ ಆಡಿದ್ದು 1878ರ ಅಕ್ಟೋಬರ್ 14ಕ್ಕೆ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬ್ರಾಮಲ್ ಲೇನ್ ಮೈದಾನ. ಎಡಿಸನ್ ತನ್ನ ಬಲ್ಬ್ ತೋರಿಸಿದ್ದು ಅದರ ಮುಂದಿನ ವರ್ಷ. ಮರದ ಅಟ್ಟಣಿಗೆ ಕಟ್ಟಿ ಅದರ ಮೇಲೆ ಆರ್ಕ್ ದೀಪ ಇಟ್ಟಿದ್ದರು. ಹತ್ತಿರ ಹತ್ತಿರ 20 ಸಾವಿರ ಜನ ಬಂದಿದ್ದರಂತೆ. ಟಿಕೆಟ್ ತಗೊಂಡವರು 12 ಸಾವಿರವಂತೆ."

"ಉಳಿದವರು?" ಅಂದ ಗೋಲಿ.

"ಬೆಳಕಿದ್ದದ್ದು ಮೈದಾನಕ್ಕೆ. ಕಾಂಪೌಂಡಿಗೆ ಅಲ್ಲವಲ್ಲ."

ಮಾಮನಿಗೆ ಇದು ರುಚಿಸಲಿಲ್ಲ. "ಇಂಗ್ಲೆಂಡ್ ಕಥೆ ಬಿಡಪ್ಪ. 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿತ್ತು. 1905ಕ್ಕೆ ಬೆಂಗಳೂರಿನ ಬೀದಿಗೆ ದೀಪ ಬಂತು. ನಾವೇನು ಕಡಿಮೆ?"

"ಸರಿ ಮಾಮ. ಆದರೆ ಇದು ಕೇಳಿ. ಇಂಗ್ಲೆಂಡಿನ ಲೀಗ್‌ನಲ್ಲಿ ದೀಪದ ಕೆಳಗೆ ಮೊದಲ ಮ್ಯಾಚ್ ಆಗಿದ್ದು 1956ರ ಫೆಬ್ರವರಿಯಲ್ಲಿ. ಪೋರ್ಟ್ಸ್‌ಮತ್‌ಗೂ ನ್ಯೂಕ್ಯಾಸಲ್‌ಗೂ. ಆಟ ಶುರುವಾಗೋಕೆ ಮುಂಚೆನೇ ಫ್ಯೂಸ್ ಹೋಯ್ತು. ಅರ್ಧ ಗಂಟೆ ತಡ."

"ಅರ್ಧ ಗಂಟೆ? ಒಂದು ಫ್ಯೂಸ್‌ಗೆ?" ಮಾಮ ಟೀ ಲೋಟವನ್ನು ಕೆಳಗೇ ಇಟ್ಟರು. ಅವರ ಮುಖದಲ್ಲಿ ಇಂಥ ನೋವನ್ನು ಪೆನ್ಷನ್ ತಡವಾದಾಗಲೂ ನೋಡಿರಲಿಲ್ಲ. "ನಾನು ಮಳೆಯಲ್ಲಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಎರಡು ನಿಮಿಷಕ್ಕೆ ಕಟ್ಟಿದ್ದೀನಿ!"

ಪೇಪರ್ ಬಿಡಲಿಲ್ಲ. 1997ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಮತ್ತು ಕ್ರಿಸ್ಟಲ್ ಪ್ಯಾಲೇಸ್ ಆಡುತ್ತಿದ್ದಾಗ ಸ್ಕೋರ್ 2-2 ಆದ ಕೂಡಲೇ ದೀಪ ಆರಿತು. ಮುಂದಿನ ತಿಂಗಳು ವಿಂಬಲ್ಡನ್ ಮತ್ತು ಆರ್ಸೆನಲ್ ಮ್ಯಾಚ್‌ನಲ್ಲೂ ಆರಿತು. ಪಾಪ, ವೈರಿಂಗ್ ಹಳೇದು ಅಂದುಕೊಂಡರು. 1999ರಲ್ಲಿ ಚಾರ್ಲ್‌ಟನ್ ಮೈದಾನದಲ್ಲಿ ಕಳ್ಳರು ಸಿಕ್ಕಿಬಿದ್ದಾಗ ಅಸಲಿ ವಿಷಯ ಹೊರಗೆ ಬಂತು. ದೂರದ ಏಷ್ಯಾದ ಬೆಟ್ಟಿಂಗ್‌ನವರ ಕೆಲಸ. ಅಲ್ಲಿನ ಲೆಕ್ಕದಲ್ಲಿ ಸೆಕೆಂಡ್ ಹಾಫ್‌ನಲ್ಲಿ ಆಟ ನಿಂತರೆ ಆಗಿರುವ ಸ್ಕೋರೇ ಖಾಯಂ. ಬೇಕಾದ ಸ್ಕೋರ್ ಬಂದಾಗ ದೀಪ ಆರಿಸಿದರೆ ಆಯಿತು. ಚಾರ್ಲ್‌ಟನ್‌ನಲ್ಲಿ ಸೆಕ್ಯುರಿಟಿಯವನಿಗೇ ದುಡ್ಡಿನ ಆಸೆ ತೋರಿಸಿದ್ದರು.

"ಅಂದರೆ ಆಟಗಾರರನ್ನು ಕೊಳ್ಳೋದು ಬೇಡ," ಅಂದ ಗೋಲಿ ನಿಧಾನವಾಗಿ. "ಸ್ವಿಚ್ ಕೊಂಡರೆ ಸಾಕು."

"ನಿನ್ನನ್ನು ಕೊಳ್ಳೋ ಖರ್ಚೇ ಯಾರಿಗೂ ಬರಲ್ಲ ಬಿಡು. ನೀನು ಫ್ರೀಯಾಗೇ ಬಿಡ್ತೀಯ."

ಹೊಸ ಲೈಟಿನಿಂದ ಒಳ್ಳೆಯದು ಆಗೇ ಇಲ್ಲ ಅಂತಲ್ಲ. ಮೊದಲ ಮಳೆ ಬಿದ್ದ ಸಂಜೆ ಹಳೇ ದೀಪಕ್ಕೆ ಈಸಲು ಹುಳ ಮೋಡದ ಹಾಗೆ ಮುತ್ತುತ್ತಿತ್ತು. "ಗೋಲ್" ಅಂತ ಬಾಯಿ ತೆಗೆದವರು ಎರಡು ನುಂಗಿಯೇ ಬಾಯಿ ಮುಚ್ಚುತ್ತಿದ್ದರು. ಎಲ್‌ಇಡಿಗೆ ಹುಳ ಕಡಿಮೆ. ಹಳೇ ದೀಪದಲ್ಲಿ ಹುಳಕ್ಕೆ ಇಷ್ಟವಾಗುವ ನೇರಳಾತೀತ ಬೆಳಕು ಜಾಸ್ತಿ, ಇದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೈದಾನದ ಪಕ್ಕದ ಮನೆಯ ಆಂಟಿಯಂತೂ ಖುಷಿಯಾಗಿದ್ದಾರೆ. ರಾತ್ರಿ ಎಂಟಕ್ಕೆ ಮಹಡಿ ಮೇಲೆ ಮೊರ ಹಿಡಿದು ಕೂತು ಅಕ್ಕಿ ಆರಿಸುತ್ತಾರೆ. ಕಲ್ಲು ಸಿಕ್ಕರೆ ನಮ್ಮ ಕಡೆಗೇ ಎಸೆಯುತ್ತಾರೆ. ಅವರ ನಾಟಿ ಹುಂಜ ಮಾತ್ರ ದಾರಿ ತಪ್ಪಿದೆ. ಈಗ ಹಾಫ್ ಟೈಮಿಗೆ ಕೂಗುತ್ತದೆ. ರೆಫ್ರಿ ಒಂದು ಸಲ ಅದನ್ನು ಕೇಳಿ ವಾಚ್ ನೋಡಿಕೊಂಡಿದ್ದನ್ನು ನಾನೇ ಕಂಡಿದ್ದೇನೆ.

"ನನಗೆ ನೆರಳಿನದ್ದೇ ಬೇಜಾರು," ಅಂದೆ ನಾನು. ಮೂಲೆಗೊಂದರಂತೆ ನಾಲ್ಕು ಕಂಬ ಇದ್ದಾಗ ಒಬ್ಬೊಬ್ಬ ಆಟಗಾರನಿಗೂ ನಾಲ್ಕು ನೆರಳು. ನೆಲದ ಮೇಲೆ ಹೂವಿನ ಎಸಳಿನ ಹಾಗೆ ಬಿಚ್ಚಿಕೊಂಡಿರುತ್ತಿತ್ತು. ನಮ್ಮ ಬ್ಯಾಕ್ ಒಬ್ಬ ಯಾವಾಗಲೂ ಮನುಷ್ಯನನ್ನು ಬಿಟ್ಟು ನೆರಳನ್ನೇ ತಡೆಯುತ್ತಿದ್ದ. ಈಗ ಎರಡೂ ಬದಿಯಲ್ಲಿ ಕಂಬದ ಸಾಲು, ನೆರಳೆಲ್ಲ ತೆಳ್ಳಗೆ ಕರಗಿಹೋಗಿದೆ. ಅವನು ಈಗಲೂ ತಡೆಯುವುದಿಲ್ಲ, ಕಾರಣ ಮಾತ್ರ ಇಲ್ಲ.

"ಕಂಠೀರವಕ್ಕೆ ಹೋದಾಗ ನೋಡಿ," ಅಂದ ಪೇಪರ್. "ಸುತ್ತ ಓಟದ ಟ್ರ್ಯಾಕ್ ಇದೆ. ನಾವು ಕೂರೋದು ಎಲ್ಲೋ ದೂರದಲ್ಲಿ. ಅಲ್ಲಿ ಲೈಟ್ ಇಲ್ಲದಿದ್ದರೆ ಛೆಟ್ರಿ ಯಾರು, ಬಾಲ್ ಬಾಯ್ ಯಾರು ಅಂತ ಗೊತ್ತಾಗಲ್ಲ. ಲೈಟ್ ಬೇಕಪ್ಪ. 2023ರಲ್ಲಿ ನಮ್ಮ ಕರ್ನಾಟಕ ತಂಡ ಸಂತೋಷ್ ಟ್ರೋಫಿ, ಅದೇ ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಕಪ್, ಗೆದ್ದಿದ್ದು ಎಲ್ಲಿ? ರಿಯಾದ್‌ನಲ್ಲಿ. ಮೇಘಾಲಯದ ಮೇಲೆ 3-2. 54 ವರ್ಷ ಆಗಿತ್ತು. ಹಿಂದೆ ಗೆದ್ದಾಗ ರಾಜ್ಯದ ಹೆಸರೇ ಇನ್ನೂ ಮೈಸೂರು."

"ನೋಡು, ಕಪ್ ಎಲ್ಲಿದೆ ಅಂತ ಹುಡುಕೋಕೆ ಸೌದಿಯವರ ಲೈಟ್ ಬೇಕಾಯ್ತು," ಅಂದರು ಮಾಮ.

ಅಷ್ಟರಲ್ಲಿ ಒಳಗೆ ವಿಸಿಲ್ ಊದಿತು. ಎಲ್ಲರೂ ಹೋಗಿ ಮೆಟ್ಟಿಲ ಮೇಲೆ ಕೂತೆವು. ಸೆಕೆಂಡ್ ಹಾಫ್ ಶುರುವಾಗಿ ಹತ್ತು ನಿಮಿಷ ಆಗಿರಬೇಕು, ಫಟ್ ಅಂತ ಕರೆಂಟ್ ಹೋಯಿತು. ಹಳೇ ಅಭ್ಯಾಸ, ಮೈದಾನವೆಲ್ಲ "ಓ…" ಅಂದಿತು. ಅರ್ಧ ಜನ ಎದ್ದು ನಿಂತರು. ತಾತನ ಬುಟ್ಟಿಯ ದೀಪ ಹತ್ತಿತು. ನಾನು ಜೇಬಿಗೆ ಕೈ ಹಾಕಿದೆ. ತಾತ ಪೇಪರ್ ಸುತ್ತಿ ಪೊಟ್ಟಣ ಮಾಡಿ ಒಂದು ಹಿಡಿ ಕಡ್ಲೆಕಾಯಿ ಸುರಿದ.

ಎರಡನೇ ಹಿಡಿ ಸುರಿಯುವಷ್ಟರಲ್ಲಿ ಕರೆಂಟ್ ಬಂತು. ಅಷ್ಟೂ ದೀಪ ಒಟ್ಟಿಗೆ ಹತ್ತಿಕೊಂಡವು. ಮುನಿಸಿಲ್ಲ, ಮಂಕಿಲ್ಲ. ಎದ್ದವರೆಲ್ಲ ಕೂತರು. ನನ್ನ ಕೈಯೂ ಸುಮ್ನೆ ಜೇಬಿನಿಂದ ಹೊರಗೆ ಬಂತು.

ತಾತ ಅರ್ಧ ತುಂಬಿದ ಪೊಟ್ಟಣ ಹಿಡಿದುಕೊಂಡು ಕಂಬದ ತುದಿಯನ್ನು ಒಂದು ನಿಮಿಷ ದುರುಗುಟ್ಟಿ ನೋಡಿದ. ಆಮೇಲೆ ಮೆಟ್ಟಿಲಿಳಿದು ಮಾಮನ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತ.

"ಸ್ವಾಮಿ, ತಾವು ಲೈನ್‌ಮನ್ ಆಗಿದ್ದೋರು ಅಲ್ವಾ?" ಅಂದ ಮೆಲ್ಲಗೆ. "ಮ್ಯಾಚಿಗೆ ಒಂದು ಸಲ, ಒಂದು ಹತ್ತೇ ಹತ್ತು ನಿಮಿಷ… ಏನಾದ್ರೂ ಆಗುತ್ತಾ? ದಿನಾ ಒಂದು ಪೊಟ್ಟಣ ನಿಮ್ಮ ಮನೆಗೆ."

ಮಾಮ ಆಚೆ ಈಚೆ ನೋಡಿದರು. ಧ್ವನಿ ಇಳಿಸಿದರು.

"ಹುರಿದಿದ್ದಾ, ಬೇಯಿಸಿದ್ದಾ?"