ಪದ ಬೇಕು: ‘ತಲಾ ಹೊರಸೂಸುವಿಕೆ’ ಅಂದರೆ ತಪ್ಪು ತಿಳಿಯುತ್ತಾರಾ?

ಗೆಳೆಯರೇ, ಯುರೋಪಿನ ದೇಶಗಳ ಇಂಗಾಲದ ಡೈಆಕ್ಸೈಡ್ ಬಗ್ಗೆ ಒಂದು ಗೋಡೆಪಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 1990ರಿಂದ 2022ರವರೆಗೆ ಒಬ್ಬೊಬ್ಬರ ಲೆಕ್ಕಕ್ಕೆ ಎಷ್ಟು ಟನ್ ಬಂತು ಅನ್ನುವುದು ವಿಷಯ. ‘ತಲಾ ಹೊರಸೂಸುವಿಕೆ’ ಎಂದು ಬರೆದೆ. ಆದರೆ ‘ಜರ್ಮನಿ, ಪೋಲೆಂಡ್: ತಲಾ ಸುಮಾರು 8 ಟನ್’ ಎಂದರೆ ದೇಶಕ್ಕೆ ಎಂಟೆಂಟು ಟನ್ ಅನ್ನಿಸುತ್ತದೆ, ಅಲ್ವಾ?

ಮರು:
‘ತಲಾ ಆದಾಯ’ ದಿನಾ ಓದುತ್ತೇವೆ. ಯಾರಿಗೂ ಗೊಂದಲ ಆಗಿಲ್ಲ. ಹಾಗೇ ಬಿಡಿ.

ಮರು:
‘ಹೊರ’ ಯಾಕೆ? ಒಳಗೆ ಯಾರೂ ಸೂಸುವುದಿಲ್ಲ. ‘ಸೂಸಿಕೆ’ ಸಾಕು. ‘ಇಂಗಾಲ’ವೂ ಕನ್ನಡದ್ದಲ್ಲ. ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲ ಆಯಿತು. ಅದನ್ನೇ ನಾವು ಎತ್ತಿಕೊಂಡಿದ್ದೇವೆ. ‘ಕರಿಗಾಳಿ’ ಅನ್ನಿ.

ಮರು:
ಕರಿಗಾಳಿ ಅಂದರೆ ಜನ ಮಸಿ ಅಂದುಕೊಳ್ಳುತ್ತಾರೆ. ಈ ಅನಿಲಕ್ಕೆ ಬಣ್ಣವೇ ಇಲ್ಲ. ಹಳಗನ್ನಡದಲ್ಲೇ ‘ಇಂಗಳ’ ಅಂದರೆ ಕೆಂಡ. ಅಷ್ಟು ಕಾಲ ನಮ್ಮ ಜೊತೆ ಬಾಳಿದ ಪದವನ್ನು ಸುಮ್ನೆ ಹೊರಗೆ ಹಾಕಬೇಡಿ. ಹಾಗೆ ಹೊರಟರೆ ‘ಟನ್’ ಕೂಡ ಉಳಿಯುವುದಿಲ್ಲ.

ಮರು:
ಕೇಳಿದ್ದು ‘ತಲಾ’ ಬಗ್ಗೆ. ಅವರ ಅನುಮಾನ ಸರಿ. ಆದಾಯದ ಮಾತು ಬೇರೆ, ಅಲ್ಲಿ ‘ತಲಾ’ ಪಕ್ಕದಲ್ಲಿ ಎರಡು ದೇಶದ ಹೆಸರು ನಿಲ್ಲುವುದಿಲ್ಲ. ಹಾಗಂತ ‘ಒಬ್ಬರು ಸೂಸುವುದು’ ಅಂತಲೂ ಬರೆಯಬೇಡಿ. ಲಕ್ಸೆಂಬರ್ಗ್ ನೋಡಿ. 1990ರಲ್ಲಿ 30 ಟನ್ ಆಸುಪಾಸು, 2022ರಲ್ಲಿ 12ರ ಹತ್ತಿರ. ಅಲ್ಲಿಯವರೇನು ಬದುಕನ್ನು ಅಷ್ಟು ಕಿರಿದು ಮಾಡಿಕೊಂಡರೇ? ಇಳಿಕೆಯ ದೊಡ್ಡ ಪಾಲು ಉಕ್ಕಿನ ಕಾರ್ಖಾನೆಗಳದ್ದು. 1990ರ ದಶಕದಲ್ಲಿ ಅವು ಕಲ್ಲಿದ್ದಲಿನಿಂದ ಉರಿಯುವ ಊದುಕುಲುಮೆ ಬಿಟ್ಟು ವಿದ್ಯುತ್ ಕುಲುಮೆಗೆ ಬಂದವು. ಈಗ ಉಳಿದದ್ದರಲ್ಲೂ ಅಕ್ಕಪಕ್ಕದ ದೇಶದವರ ಪಾಲಿದೆ. ತೆರಿಗೆ ಕಡಿಮೆ ಅಂತ ಗಡಿ ದಾಟಿ ಬಂದು ಡೀಸೆಲ್ ತುಂಬಿಸಿಕೊಂಡು ಹೋಗುತ್ತಾರೆ. ಲೆಕ್ಕ ಮಾತ್ರ ಲಕ್ಸೆಂಬರ್ಗ್ ಜನರ ತಲೆಗೆ. ಅದಕ್ಕೇ ‘ತಲೆಗೆ ಇಷ್ಟು’ ಅನ್ನಿ. ಇಡೀ ದೇಶದ್ದನ್ನು ಜನಕ್ಕೆ ಹಂಚಿದ್ದು ಅಂತ ಅದರಲ್ಲೇ ಗೊತ್ತಾಗುತ್ತದೆ.

ಇನ್ನೊಂದು, ಪಟದಲ್ಲಿ ಟರ್ಕಿ ಇದ್ದರೆ ತಲೆಬರಹಕ್ಕೆ ‘ಇಳಿಕೆ’ ಬೇಡ. ಅಲ್ಲಿ ಜಾಸ್ತಿ ಆಗಿದೆ.

ಮರು:
‘ತಲೆಗೆ’ ಆಡುಮಾತು. ಪಟದಲ್ಲಿ ಚೆನ್ನಾಗಿ ಕಾಣಲ್ಲ.

ಮರು:
ಆಡುಮಾತಾದರೆ ಒಳ್ಳೆಯದೇ. ಓದುವವರು ಹೈಸ್ಕೂಲ್ ಮಕ್ಕಳು. ಟರ್ಕಿ ಇದೆ, ಹಾಗಾಗಿ ‘ಬದಲಾವಣೆ’ ಇಡುತ್ತೇನೆ. ಸಾಲು ಹೀಗೆ: ‘ಬ್ರಿಟನ್: ತಲೆಗೆ ಸುಮಾರು 10 ಟನ್ ಇದ್ದದ್ದು 5ಕ್ಕೆ’. ‘ಹೊರಸೂಸುವಿಕೆ’ ಪಠ್ಯಪುಸ್ತಕದಲ್ಲಿ ಇರುವುದರಿಂದ ಅದನ್ನು ಬದಲಿಸುವುದಿಲ್ಲ. ಲಕ್ಸೆಂಬರ್ಗ್ ಡೀಸೆಲ್ ವಿಷಯವನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸುತ್ತೇನೆ.