ಗ್ಯಾಸಿಫಿಕೇಶನ್‌ಗೆ ‘ಅನಿಲೀಕರಣ’ ಅಂದ್ರ ಸಾಕೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಬೆಳಗಾವಿ ಉದ್ಯಮಬಾಗದಾಗ ಒಂದು ಫ್ಯಾಬ್ರಿಕೇಶನ್ ಶಾಪಿನ್ಯಾಗ ಕೆಲಸಾ ಮಾಡ್ತೀನಿ, ಐಟಿಐ ಮುಗಿಸಿ ಬರೋ ಹುಡುಗ್ರಿಗೆ ಪ್ಲಾಸ್ಮಾ ಗ್ಯಾಸಿಫಿಕೇಶನ್ (ಅಂದ್ರ ವಿದ್ಯುತ್ ಹರಿಯೋ, ಭಾಳ ಕಾದ ಗ್ಯಾಸಿನ ಶಾಖದಿಂದ ತ್ಯಾಜ್ಯಾನ ಇಂಜಿನ್ನಿನ್ಯಾಗ ಉರಸಾಕ ಬರೋ ಗ್ಯಾಸ್ ಮಾಡೂದು) ಬಗ್ಗೆ ಕನ್ನಡದಾಗ ನಾಕು ಪುಟ ಬರಿಯಾಕ ಕುಂತೀನಿ, ಒಂದು ಪದಕ್ಕ ಸಿಕ್ಕೊಂಡು ಎರಡನೇ ಪುಟದಾಗ ನಿಂತೈತಿ.

‘ತ್ಯಾಜ್ಯ ತೈಲವನ್ನು ಅನಿಲೀಕರಿಸಲಾಗುತ್ತದೆ’ ಅಂತ ಬರ್ದಿದ್ದೆ. ಅಥಣಿ ಕಡಿ ಹುಡುಗ ಒಬ್ಬಾಂವ ಓದಿ, ‘ಅಂದ್ರ ಎಣ್ಣಿ ಕಾದು ಆವಿ ಆಗೂದಲ್ರಿ ಸರ?’ ಅಂದ. ಅಂವಗ ಹಂಗ ಅನಿಸಿದ್ದು ಸರಿನ ಐತಿ, ಅನಿಲೀಕರಣ ಅಂದ್ರ ಅನಿಲ ಆಗೂದು, ಅಷ್ಟ. ಆದ್ರ ಆವಿ ಆದ ಎಣ್ಣಿ ತಣ್ಣಗಾದ್ರ ಮತ್ತ ಎಣ್ಣಿನ ಆಗ್ತೈತಿ, ಇಲ್ಲಿ ಹಂಗಿಲ್ಲ, ಗಾಳಿ ಕಡಿಮಿ ಇಟ್ಟು, ಬೇಕಾದ್ರ ಉಗಿ ಬಿಟ್ಟು ಕಾಸಿದಾಗ ಎಣ್ಣಿ ಅಣುಗಳ ಉದ್ದುದ್ದ ಸರಪಳಿ ಹರದು ಕಾರ್ಬನ್ ಮೊನಾಕ್ಸೈಡು, ಹೈಡ್ರೋಜನ್ನು ಆಗ್ತಾವು, ಎಷ್ಟು ತಣ್ಣಗ ಮಾಡಿದ್ರೂ ಹೊಳ್ಳಿ ಎಣ್ಣಿ ಬರೂದಿಲ್ಲ. ‘ಸುಡೂದು’ ಅನ್ನಾಕೂ ಬರೂದಿಲ್ಲ, ಗಾಳಿ ಪೂರಾ ಸಿಕ್ಕು ಸುಟ್ಟು ಹೋದ್ರ ಕಾರ್ಬನ್ ಡೈಆಕ್ಸೈಡು, ನೀರಾವಿ ಆಗಿಬಿಡ್ತೈತಿ, ಮುಂದ ಇಂಜಿನ್ನಿನ್ಯಾಗ ಉರಸಾಕ ಏನು ಉಳೀತು?

ಮೊನ್ನೆ ಮುಂಜಾನೆ ಅವ್ವ ಒಲಿ ಮುಂದ ನಿಂತು ‘ಹಾಲು ಒಡದಾವು’ ಅಂದ್ಲು. ಹೋಗಿ ನೋಡಿದ್ರ ಪಾತೇಲಿಯೊಳಗ ಗಡ್ಡಿ ಬ್ಯಾರೆ, ನೀರು ಬ್ಯಾರೆ. ಒಡದ ಹಾಲು ಮತ್ತ ಹಾಲಾಗೂದಿಲ್ಲ, ಇದು ಎಲ್ಲಾರ ಮನ್ಯಾಗೂ ಗೊತ್ತಿದ್ದ ಮಾತು, ಹಂಗಾರ ‘ಎಣ್ಣಿ ಒಡದು ಗ್ಯಾಸ್ ಆಗ್ತೈತಿ’ ಅಂದ್ರ ಒಂದ ಸಲಕ್ಕ ತಿಳೀತೈತಲ್ಲ ಅನಿಸ್ತು. ಕ್ರಿಯಾಪದ ಸಿಕ್ತು, ನಾಮಪದಕ್ಕ ಬಂದಾಗ ತೊಡಕಾತು. ‘ಗ್ಯಾಸ್ ಒಡಿಕೆ’ ಅಂತ ಬೋರ್ಡ್ ಬರದ್ರ ಪೈಪ್ ಒಡದಂಗ, ಸಿಲಿಂಡರ್ ಒಡದಂಗ ಕೇಳಸ್ತೈತಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣಿಲ್ಲ ವಾಸನಿಲ್ಲ, ಮೈಗೆ ವಿಷ, ಅಂಥಲ್ಲಿ ಎರಡು ಅರ್ಥ ಕೊಡೋ ಪದ ಇಡಾಕ ನನಗ ಧೈರ್ಯ ಇಲ್ರಿ. ‘ಗ್ಯಾಸ್ ಬಿಡಿಸೂದು’ ಅಂತ ನಮ್ಮ ಫೋರ್‌ಮನ್ ಕಾಕಾ ಹೇಳಿದ್ರು, ಕಿವಿಗೆ ಚೊಲೋ ಐತಿ, ಆದ್ರ ಶೇಂಗಾ ಬಿಡಿಸಿದಂಗ ಒಳಗ ಗ್ಯಾಸ್ ಮೊದಲ ತಯಾರಿತ್ತು ಅನ್ನೋ ಅರ್ಥ ಬರ್ತೈತಿ.

ಇನ್ನೊಂದು ಪದ ಬಯೋಮಾಸ್, ಅಂದ್ರ ಗಿಡ, ಬೆಳಿಯಿಂದ ಸಿಗೋ ಉರುವಲು. ಅದಕ್ಕ ‘ಜೀವರಾಶಿ’ ಅಂತ ಬರದದ್ದು ಕಂಡೀನಿ, ಇದು ಬ್ಯಾಡ್ರಿ ದಯಮಾಡಿ. ಸಕಲ ಜೀವರಾಶಿ ಅಂದ್ರ ಇರುವಿಯಿಂದ ಆನಿತನಕ ಉಸಿರಾಡೋ ಎಲ್ಲಾ ಬಂತು, ಅದನ್ನ ರಿಯಾಕ್ಟರಿಗೆ (ಗ್ಯಾಸ್ ಮಾಡೋ ಪಾತ್ರೆಗೆ) ಹಾಕ್ತೀವಿ ಅಂತ ಹೆಂಗ ಬರಿಯೂದು? ಮತ್ತ ನಮ್ಮ ಕಡಿ ರಾಶಿ ಅಂದ್ರ ಕಣದಾಗಿನ ಕಾಳಿನ ರಾಶಿ, ರಾಶಿ ಮಾಡಿ ಕಾಳು ಮನಿಗೆ ಹೋದಮ್ಯಾಲೆ ಹಿಂದ ಉಳಿದದ್ದನ್ನ ನಾವು ಹಾಕೂದು. ನಾನಂತೂ ಕಬ್ಬಿನ ರವದಿ, ತೊಗರಿ ಕಟಗಿ, ಹೊಟ್ಟು ಅಂತ ಹೆಸರು ಹಿಡಿದ ಬರ್ದೀನಿ, ಎಲ್ಲಾ ಸೇರಿಸಿ ಹೇಳೋ ಒಂದು ಪದ ಇದ್ರ ಹೇಳ್ರಿ.

ಪ್ಲಾಸ್ಮಾ ಅನ್ನೋ ಪದ ಹಂಗ ಇರಲಿ. ರಕ್ತದ ಪ್ಲಾಸ್ಮಾ ಬ್ಯಾರೆ, 1928ರಾಗ ಲ್ಯಾಂಗ್‌ಮ್ಯೂರ್ ಅನ್ನೋ ವಿಜ್ಞಾನಿ ವಿದ್ಯುತ್ ಹರಿಯೋ ಈ ಥರದ ಗ್ಯಾಸಿಗೂ ಅದ ಹೆಸರಿಟ್ರು. ಹುಡುಗ್ರಿಗೆ ಲೋಹ ಕತ್ತರಿಸೋ ಪ್ಲಾಸ್ಮಾ ಕಟಿಂಗ್ ದಿನಾ ಕೈಯಾಗ ಇರ್ತೈತಿ, ಸಿಡಿಲಿನ್ಯಾಗ ಇರೂದೂ ಅದ ಅಂದ್ರ ಮುಗೀತು. ಪ್ಲಾಸ್ಮಾ ಉಗುಳೋ ಟಾರ್ಚಿನ ಉರಿನಾಲಿಗಿಯೊಳಗ 5000 ಡಿಗ್ರಿ ದಾಟ್ತೈತಿ, ಬೂದಿ ಸೈತ ಕರಗಿ ಆರಿದಮ್ಯಾಲೆ ಗಾಜಿನಂಗ ಗಟ್ಟಿ ಆಗ್ತೈತಿ, ಇದಕ್ಕ ಕರೆಂಟೂ ಭಾಳ ತಿಂತೈತಿ ಅನ್ನೂದನ್ನೂ ಬರ್ದೀನಿ.

ಕಡೀಗೆ ಒಂದು ಕೇಳ್ತೀನಿ. ಹಸಿ ಕಟಗಿ ಒಲಿಗೆ ಇಟ್ರ ಹೊರಗಿನ ತುದಿಗೆ ಉಸ್ಸ್ ಅಂತ ನೊರಿ ಬಂದು, ಆಮ್ಯಾಲೆ ದಟ್ಟ ಹೊಗಿ ಬಂದು, ಒಮ್ಮೊಮ್ಮೆ ಆ ಹೊಗಿಗೇ ಬಗ್ ಅಂತ ಉರಿ ಹತ್ತತೈತಲ್ರಿ, ಅದೂ ಕಟಗಿಯಿಂದ ಬಿಟ್ಟ ಗ್ಯಾಸ. ಗೋಕಾಕ, ಮುಧೋಳ, ಮಹಾಲಿಂಗಪುರ ಕಡಿ ಬೆಲ್ಲದ ಗಾಣದಾಗ ಒಲಿಗೆ ಹಾಕೋ ಮಂದಿ ಹಗಲೂ ರಾತ್ರಿ ಇದನ್ನ ನೋಡ್ತಾರ. ಹಂಗ ಉರಿಯೋ ಹೊಗಿಗೆ ಅವರ ಬಾಯಾಗ ಏನಾರ ಹೆಸರು ಐತೇನ್ರಿ? ನಿಮ್ಮ ಮನಿ ಹಿರ್ಯಾರನ್ನ ಕೇಳಿ ತಿಳಸ್ರಿ.